ಲಾಗಿನ್ ಆಗಿ ಫೋಲ್ಡರ್ ಪಟ್ಟಿ ಬಾರದಿದ್ದರೆ ಪಾಸಿವ್ ಪೋರ್ಟ್ ನೋಡಿ

ಮನೆಯಲ್ಲಿರುವ ಫೈಲ್‌ಜಿಲ್ಲಾ ಸರ್ವರ್‌ಗೆ (ಫೈಲ್ ಹಂಚುವ ಎಫ್‌ಟಿಪಿ ಸಾಫ್ಟ್‌ವೇರ್) ಹೊರಗಿನಿಂದ ಲಾಗಿನ್ ಆಗುತ್ತದೆ, ಪಟ್ಟಿ ಬರುವ ಹೊತ್ತಿಗೆ ಟೈಮ್‌ಔಟ್ ಅಂದಿದ್ದೀರಿ. ಬಹುತೇಕ ಇದು ಪಾಸಿವ್ ಮೋಡ್ ತೊಂದರೆ, ಅಂದರೆ ಪಟ್ಟಿ ತರಲು ಸರ್ವರ್ ಹೇಳಿದ ಇನ್ನೊಂದು ಪೋರ್ಟ್‌ಗೆ (ಸಂಪರ್ಕದ ಬಾಗಿಲಿನ ಸಂಖ್ಯೆ) ನಿಮ್ಮ ಕಡೆಯಿಂದ ಹೋಗುವ ವಿಧಾನದ್ದು. 21ನೇ ಪೋರ್ಟ್‌ನಲ್ಲಿ ಬರೀ ಮಾತುಕತೆ (ಲಾಗಿನ್, ಆದೇಶ) ನಡೆಯುತ್ತದೆ. ಪಟ್ಟಿ, ಫೈಲು ಎಲ್ಲ ಬೇರೆ ಪೋರ್ಟ್‌ನಲ್ಲಿ ಬರುತ್ತವೆ. ನೀವು ರೂಟರ್‌ನಲ್ಲಿ ತೆರೆದಿರುವುದು 21 ಮಾತ್ರ.

ಮೊದಲು ಕ್ಲೈಂಟ್ (ಸರ್ವರ್‌ಗೆ ಸಂಪರ್ಕಿಸುವ ಸಾಫ್ಟ್‌ವೇರ್) ಲಾಗ್‌ನಲ್ಲಿ 227 ಎಂದು ಶುರುವಾಗುವ ಸಾಲು ನೋಡಿ. ಅದರಲ್ಲಿ 192,168 ಕಂಡರೆ, ಸರ್ವರ್ ಹೊರಗಿನವರಿಗೆ ಮನೆಯೊಳಗಿನ ವಿಳಾಸ ಕೊಡುತ್ತಿದೆ ಎಂದರ್ಥ.

ಸರ್ವರ್ ಸೆಟ್ಟಿಂಗ್ಸ್‌ನ ಪಾಸಿವ್ ಮೋಡ್ ಪುಟದಲ್ಲಿ ನಿಮ್ಮ ಪಬ್ಲಿಕ್ ಐಪಿ (ಹೊರಗಿನ ಇಂಟರ್ನೆಟ್‌ಗೆ ಕಾಣುವ ವಿಳಾಸ) ಹಾಕಿ. ಅಲ್ಲೇ ಪೋರ್ಟ್ ರೇಂಜ್ 50000ರಿಂದ 50100 ಕೊಡಿ. ಆಮೇಲೆ ಅದೇ ರೇಂಜನ್ನು ರೂಟರ್‌ನಲ್ಲಿ ಟಿಸಿಪಿಯಾಗಿ ಸರ್ವರ್‌ನ ಒಳ ಐಪಿಗೆ ಫಾರ್ವರ್ಡ್ ಮಾಡಿ (ಹೊರಗಿಂದ ಬಂದದ್ದನ್ನು ಅಲ್ಲಿಗೆ ದಾಟಿಸುವುದು). ಆ ಒಳ ಐಪಿ ಬದಲಾಗದಂತೆ ರಿಸರ್ವ್ ಮಾಡಿಡಿ. ವಿಂಡೋಸ್ ಫೈರ್‌ವಾಲ್‌ನಲ್ಲೂ 21 ಮತ್ತು ಈ ರೇಂಜ್ ಒಳಬರಲು ಬಿಡಬೇಕು. ಇದನ್ನೇ ಜನ ಜಾಸ್ತಿ ಮರೆಯುವುದು. ಸುಮ್ನೆ ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಕೂರಬೇಡಿ.

ಮನೆಯ ವೈಫೈನಿಂದ ಪರೀಕ್ಷಿಸಬೇಡಿ, ಎಷ್ಟೋ ರೂಟರ್‌ಗಳು ಒಳಗಿಂದ ಪಬ್ಲಿಕ್ ಐಪಿಗೆ ಹೋಗಲು ಬಿಡುವುದಿಲ್ಲ. ಮೊಬೈಲ್ ಡೇಟಾದಲ್ಲಿ ನೋಡಿ.

ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿ ಮಾಡುವ ವ್ಯವಸ್ಥೆ) ಹಾಕಿಯೇ ಬಳಸಿ. ಇಲ್ಲದಿದ್ದರೆ ಪಾಸ್‌ವರ್ಡ್ ದಾರಿಯಲ್ಲಿ ಯಾರಿಗಾದರೂ ಕಾಣುತ್ತದೆ.

ನಿಮ್ಮ ಇಂಟರ್ನೆಟ್ ಕನೆಕ್ಷನ್ ಯಾವ ಬಗೆಯದು ಎಂದು ಬರೆದಿಲ್ಲ, ಹಾಗಾಗಿ ಇದೊಂದು ನನ್ನ ಊಹೆ: ಹೊರಗಿನಿಂದ ಲಾಗಿನ್ ಕೂಡ ಆಗದಿದ್ದರೆ ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾದರೆ ಅದು ಪಬ್ಲಿಕ್ ಐಪಿ ಅಲ್ಲ, ಈ ಫಾರ್ವರ್ಡ್ ಕೆಲಸಕ್ಕೆ ಬಾರದು. ಆಗ ಇಂಟರ್ನೆಟ್ ಕಂಪನಿಯವರ ಹತ್ತಿರ ಸ್ಟ್ಯಾಟಿಕ್ (ಬದಲಾಗದ) ಪಬ್ಲಿಕ್ ಐಪಿ ಕೇಳಿ.