ಒಂದೇ ಸೋಲಿಗೆ ಕಪ್ ಹೋದರೆ ಅದು ಡಬಲ್ ಎಲಿಮಿನೇಷನ್ ಹೇಗಾಯಿತು?

ಪ್ರಶ್ನೆ: ಡೋಟಾ 2 ವಿಡಿಯೋ ಗೇಮ್‌ನ ದೊಡ್ಡ ಟೂರ್ನಿ 'ದಿ ಇಂಟರ್‌ನ್ಯಾಷನಲ್' ತಪ್ಪದೆ ನೋಡುತ್ತೇನೆ. ಡಬಲ್ ಎಲಿಮಿನೇಷನ್ ಅಂದರೆ ಎರಡು ಸಲ ಸೋತವರು ಔಟ್ ಅಂತ ತಿಳಿದಿದ್ದೆ. ಸೋಲದವರು ಅಪ್ಪರ್ ಬ್ರ್ಯಾಕೆಟ್‌ನಲ್ಲಿ, ಒಮ್ಮೆ ಸೋತವರು ಲೋವರ್ ಬ್ರ್ಯಾಕೆಟ್‌ನಲ್ಲಿ ಆಡುತ್ತಾರೆ, ಎರಡರಲ್ಲೂ ಗೆದ್ದು ಉಳಿದವರು ಗ್ರ್ಯಾಂಡ್ ಫೈನಲ್‌ನಲ್ಲಿ ಎದುರಾಗುತ್ತಾರೆ. ಆದರೆ ಒಂದೂ ಸರಣಿ (ಹಲವು ಗೇಮ್‌ಗಳ ಒಂದು ಮ್ಯಾಚ್) ಸೋಲದೆ ಅಪ್ಪರ್ ಬ್ರ್ಯಾಕೆಟ್‌ನಿಂದ ಬಂದ ತಂಡ ಗ್ರ್ಯಾಂಡ್ ಫೈನಲ್‌ನಲ್ಲಿ ಒಮ್ಮೆ ಸೋತರೆ ಕಪ್ ಕೈತಪ್ಪುತ್ತದೆ. ಇದು ಅನ್ಯಾಯ ಅಲ್ವಾ?

ಉತ್ತರ: ಅನ್ಯಾಯವೇ. ಎರಡು ಸಲ ಸೋಲುವ ತನಕ ಯಾರನ್ನೂ ಹೊರಗೆ ಕಳಿಸುವುದಿಲ್ಲ ಅನ್ನುವುದು ಈ ಮಾದರಿ ಕೊಡುವ ಮಾತು. ಆ ಮಾತು ಎಲ್ಲ ತಂಡಗಳ ಪಾಲಿಗೂ ನಡೆಯುತ್ತದೆ, ಒಂದನ್ನು ಬಿಟ್ಟು. ಆ ಒಂದು ತಂಡವೇ ಅಲ್ಲಿಯವರೆಗೆ ಎಲ್ಲರಿಗಿಂತ ಚೆನ್ನಾಗಿ ಆಡಿದ್ದು ಅನ್ನೋದು ಬೇಜಾರಿನ ವಿಷಯ.

2021ರ ದಿ ಇಂಟರ್‌ನ್ಯಾಷನಲ್ ನೆನಪಿಸಿಕೊಳ್ಳಿ. ಪಿಎಸ್‌ಜಿ.ಎಲ್‌ಜಿಡಿ ತಂಡ ಮುಖ್ಯ ಹಂತದಲ್ಲಿ ಒಂದೂ ಸರಣಿ ಸೋಲದೆ ಫೈನಲ್‌ಗೆ ಬಂತು. ಟೀಮ್ ಸ್ಪಿರಿಟ್ ಅಪ್ಪರ್ ಬ್ರ್ಯಾಕೆಟ್‌ನ ಮೊದಲ ಸರಣಿಯನ್ನೇ ಸೋತು, ಲೋವರ್ ಬ್ರ್ಯಾಕೆಟ್‌ಗೆ ಬಿದ್ದು, ಅಲ್ಲಿಂದ ಒಬ್ಬೊಬ್ಬರನ್ನೇ ಸೋಲಿಸುತ್ತಾ ಮೇಲೆ ಬಂತು. ಫೈನಲ್‌ನಲ್ಲಿ ಸ್ಪಿರಿಟ್ 3-2ರಿಂದ ಗೆದ್ದಿತು. ಅದ್ಭುತ ಆಟ, ಅದರಲ್ಲಿ ಎರಡು ಮಾತಿಲ್ಲ, ನಿಯಮವೂ ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೂ ಲೆಕ್ಕ ನೋಡಿ: ಟೂರ್ನಿ ಮುಗಿದಾಗ ಇಬ್ಬರ ಖಾತೆಯಲ್ಲೂ ಒಂದೊಂದೇ ಸೋಲು. ಒಬ್ಬರ ಸೋಲನ್ನು ಮನ್ನಿಸಿದರು, ಇನ್ನೊಬ್ಬರದ್ದನ್ನು ಮನ್ನಿಸಲಿಲ್ಲ. ಅದಕ್ಕೆ ಇದ್ದ ಕಾರಣ ಒಂದೇ, ಎರಡನೆಯವರ ಸೋಲು ಕೊನೆಯಲ್ಲಿ ಬಂತು.

2018ರಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ಒಜಿ ತಂಡ ಇದೇ ಎಲ್‌ಜಿಡಿಯನ್ನು ಅಪ್ಪರ್ ಫೈನಲ್‌ನಲ್ಲಿ ಸೋಲಿಸಿತ್ತು. ಎಲ್‌ಜಿಡಿ ಲೋವರ್ ಫೈನಲ್ ಗೆದ್ದು ವಾಪಸ್ ಬಂತು, ಗ್ರ್ಯಾಂಡ್ ಫೈನಲ್ 2-2ರವರೆಗೂ ಹೋಯಿತು. ಕೊನೆಯ ಗೇಮ್ ಒಜಿ ಗೆದ್ದಿದ್ದಕ್ಕೆ ಯಾರೂ ಪ್ರಶ್ನೆ ಕೇಳಲಿಲ್ಲ. ಆ ಒಂದು ಗೇಮ್ ಉಲ್ಟಾ ಆಗಿದ್ದರೆ ಇಬ್ಬರೂ ಪರಸ್ಪರ ಒಂದೊಂದು ಸರಣಿ ಗೆದ್ದಂತಾಗುತ್ತಿತ್ತು, ಕಪ್ ಮಾತ್ರ ಮೊದಲು ಸೋತವರ ಕೈಗೆ ಹೋಗುತ್ತಿತ್ತು.

ಫೈಟಿಂಗ್ ಗೇಮ್‌ಗಳ ಇವೋ ಟೂರ್ನಿಯಲ್ಲಿ ಈ ಗೋಳಿಲ್ಲ. ಅಲ್ಲಿ ಬ್ರ್ಯಾಕೆಟ್ ರೀಸೆಟ್ ಇದೆ. ಲೋವರ್‌ನಿಂದ ಬಂದವರು ಫೈನಲ್ ಗೆದ್ದರೆ ಈಗ ಇಬ್ಬರದ್ದೂ ಒಂದೊಂದು ಸೋಲು ಅಂತ ಸೊನ್ನೆಯಿಂದ ಇನ್ನೊಂದು ಸೆಟ್ ಆಡಿಸುತ್ತಾರೆ. ಕೊಟ್ಟ ಮಾತು ಪೂರ್ತಿ ಉಳಿಯುತ್ತದೆ. ಫೈಟಿಂಗ್ ಗೇಮ್‌ನ ಒಂದು ಸೆಟ್ ಬೇಗ ಮುಗಿಯುವುದರಿಂದ ಅವರಿಗೆ ಇದು ಸುಲಭ. ಡೋಟಾದಲ್ಲಿ ಬೆಸ್ಟ್ ಆಫ್ ಫೈವ್ (ಐದರಲ್ಲಿ ಮೊದಲು ಮೂರು ಗೇಮ್ ಗೆದ್ದವರಿಗೆ ಜಯ) ಒಂದಕ್ಕೇ ಕೆಲವು ಗಂಟೆ ಬೇಕು. ಅದು ಮುಗಿದ ಮೇಲೆ ಇನ್ನೊಂದು ಶುರು ಮಾಡಿ ಅಂದರೆ ಆಟಗಾರರ ಗತಿ ಏನು, ಪ್ರೇಕ್ಷಕರ ಗತಿ ಏನು? ಆ ಕಷ್ಟವನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ರೀಸೆಟ್ ಆಗಲ್ಲ ಅಂದ ಮಾತ್ರಕ್ಕೆ ಏನೂ ಕೊಡಬಾರದು ಅಂತಲ್ಲ. ಎರಡೂ ತಂಡ ಸಮಬಲದವು, ಪ್ರತಿ ಗೇಮ್ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಅಂತ ಇಟ್ಟುಕೊಳ್ಳಿ. ರೀಸೆಟ್ ಇದ್ದರೆ ಅಪ್ಪರ್ ತಂಡ ಕಪ್ ಗೆಲ್ಲುವ ಸಾಧ್ಯತೆ ಶೇ. 75. ಏನೂ ಕೊಡದಿದ್ದರೆ ಶೇ. 50. ಬೆಸ್ಟ್ ಆಫ್ ಫೈವ್ ಅನ್ನು 1-0 ಮುನ್ನಡೆಯಿಂದ ಶುರು ಮಾಡಿಸಿದರೆ? ಶೇ. 68.75. ಅಂದರೆ ರೀಸೆಟ್‌ಗೆ ಸಾಕಷ್ಟು ಹತ್ತಿರ, ಅದೂ ಒಂದೇ ಸಂಜೆಯೊಳಗೆ. ಆಡದೇ ಇರುವ ಗೇಮ್ ಸ್ಕೋರ್‌ಬೋರ್ಡ್‌ನಲ್ಲಿ ಯಾಕೆ ಅಂತ ನೋಡುವವರು ಗೊಣಗುತ್ತಾರೆ, ಗೊತ್ತು. ಆದರೂ ಲಾಂಗ್ ಗೇಮ್‌ಗಳಿಗೆ ನನ್ನ ವೋಟು ಇದಕ್ಕೇ. ಶೂಟಿಂಗ್ ಗೇಮ್ ವ್ಯಾಲರೆಂಟ್‌ನ ದೊಡ್ಡ ಟೂರ್ನಿಗಳಲ್ಲಿ ಫೈನಲ್‌ಗೆ ಬಂದ ಅಪ್ಪರ್ ತಂಡಕ್ಕೆ ಎರಡು ಮ್ಯಾಪ್ (ಆಟ ನಡೆಯುವ ಅಂಕಣ) ಬ್ಯಾನ್ ಮಾಡುವ ಹಕ್ಕು ಕೊಟ್ಟಿದ್ದಾರೆ. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ, ಆದರೆ ಎದುರಾಳಿ ಎಲ್ಲ ಮ್ಯಾಪ್‌ನಲ್ಲೂ ಗಟ್ಟಿಯಾಗಿದ್ದರೆ ಅದರ ಬೆಲೆ ಕಡಿಮೆ.

ಪ್ರಶ್ನೆ: ಎಲ್ಲರೂ ಅಪ್ಪರ್ ತಂಡದ ಪರವೇ ಮಾತಾಡುತ್ತೀರಿ. ಲೋವರ್‌ನವರು ಜಾಸ್ತಿ ಮ್ಯಾಚ್ ಆಡಿ ಸುಸ್ತಾಗಿ ಬಂದಿರುತ್ತಾರೆ. ಅಪ್ಪರ್‌ನವರಿಗೆ ಸಿಗಬೇಕಾದ ಲಾಭ ದಾರಿಯಲ್ಲೇ ಸಿಕ್ಕಿದೆ, ಫೈನಲ್‌ನಲ್ಲಿ ಮತ್ತೆ ಯಾಕೆ?

ಉತ್ತರ: ಪ್ರಶ್ನೆಯಲ್ಲಿ ಹುರುಳಿದೆ. 8 ತಂಡಗಳ ಬ್ರ್ಯಾಕೆಟ್‌ನಲ್ಲಿ ಎಲ್ಲರೂ ಸಮಬಲದವರಾದರೆ, ಮೊದಲ ಮ್ಯಾಚ್ ಗೆದ್ದ ತಂಡ ಗ್ರ್ಯಾಂಡ್ ಫೈನಲ್ ತಲುಪುವ ಸಾಧ್ಯತೆ 16ರಲ್ಲಿ 7. ಸೋತ ತಂಡಕ್ಕೆ 16ರಲ್ಲಿ 1, ಯಾಕೆಂದರೆ ಅದು ಲೋವರ್‌ನಲ್ಲಿ ಸಾಲಾಗಿ 4 ಮ್ಯಾಚ್ ಗೆಲ್ಲಬೇಕು. ಏಳು ಪಟ್ಟು ವ್ಯತ್ಯಾಸ! ಹಾಗಾಗಿ ಅಪ್ಪರ್‌ನಲ್ಲಿ ಉಳಿದವರಿಗೆ ಏನೂ ಸಿಗಲಿಲ್ಲ ಅನ್ನುವಂತಿಲ್ಲ.

ಆದರೆ ಆ ಲಾಭ ಅವರು ಆಗಲೇ ಗೆದ್ದ ಮ್ಯಾಚ್‌ಗಳಿಗೆ ಸಿಕ್ಕ ಫಲ. ನಾನು ಕೇಳುತ್ತಿರುವುದು ಬೇರೆ. ಎಲ್ಲರಿಗೂ ಎರಡೆರಡು ಜೀವ ಅಂತ ಹೇಳಿ ಟೂರ್ನಿ ಶುರು ಮಾಡಿದ್ದೀರಿ, ಈ ತಂಡ ಒಂದನ್ನೂ ಬಳಸಿಲ್ಲ. ಫೈನಲ್ ದಿನ ಅದರ ಒಂದು ಜೀವ ಎಲ್ಲಿ ಹೋಯಿತು? ರೀಸೆಟ್ ಅಂದರೆ ಉಡುಗೊರೆ ಅಲ್ಲ, ಬಾಕಿ.

ಸುಸ್ತಿನ ವಿಷಯವನ್ನು ನಾನು ತಕ್ಕಡಿಗೆ ಹಾಕುವುದಿಲ್ಲ. ಲೋವರ್ ಫೈನಲ್ ಮತ್ತು ಗ್ರ್ಯಾಂಡ್ ಫೈನಲ್ ಒಂದೇ ದಿನ ಇದ್ದಾಗ ಕೆಳಗಿನವರು ದಣಿದಿರುತ್ತಾರೆ, ನಿಜ, ಅವರ ತಂತ್ರಗಳನ್ನು ಮೇಲಿನವರು ಕೂತು ನೋಡಿಯೂ ಇರುತ್ತಾರೆ. ಆದರೆ ಅವರ ಕೈ ಪಳಗಿರುತ್ತದೆ, ವೇದಿಕೆಯ ಭಯ ಹೋಗಿರುತ್ತದೆ. ಮೇಲಿನವರು ಕಾದು ಕಾದು ತಣ್ಣಗಾಗಿರುತ್ತಾರೆ. ಯಾವುದು ಹೆಚ್ಚು ಅನ್ನುವುದು ತಂಡದಿಂದ ತಂಡಕ್ಕೆ ಬದಲಾಗುತ್ತದೆ.

ಕೆಳಗಿನವರಿಗೆ ನಿಜವಾಗಿ ಅನ್ಯಾಯ ಆಗುವ ಜಾಗ ಬೇರೆ ಇದೆ. ದಿ ಇಂಟರ್‌ನ್ಯಾಷನಲ್‌ನಲ್ಲಿ ಹಲವು ವರ್ಷ ಲೋವರ್ ಬ್ರ್ಯಾಕೆಟ್‌ನ ಮೊದಲ ಸುತ್ತು ಒಂದೇ ಗೇಮ್ ಇರುತ್ತಿತ್ತು. ತಿಂಗಳುಗಟ್ಟಲೆ ತಯಾರಿ ಮಾಡಿ ಬಂದವರು, ಹೀರೋ (ಆಡಿಸುವ ಪಾತ್ರ) ಆಯ್ಕೆಯಲ್ಲಿ ಒಂದು ಹೆಜ್ಜೆ ತಪ್ಪಿದರೆ ಮುಗಿಯಿತು. ಅದರ ಬಗ್ಗೆ ಕೂಗಾಡುವವರು ಕಡಿಮೆ.

ಪ್ರಶ್ನೆ: ನಾವು ಗೆಳೆಯರು ಸೇರಿ 8 ತಂಡಗಳ ಒಂದು ದಿನದ ಟೂರ್ನಿ ಮಾಡಬೇಕೆಂದಿದ್ದೇವೆ. ಡಬಲ್ ಎಲಿಮಿನೇಷನ್ ಇಟ್ಟರೆ ಜಾಸ್ತಿ ನ್ಯಾಯ ಅಲ್ವಾ?

ಉತ್ತರ: ಯಾವ ನ್ಯಾಯ ಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ಸಿಂಗಲ್ ಎಲಿಮಿನೇಷನ್‌ನಲ್ಲಿ 7 ಮ್ಯಾಚ್, ಡಬಲ್‌ನಲ್ಲಿ 14, ರೀಸೆಟ್ ಆದರೆ 15. ಒಂದೇ ದಿನ ಅಂದರೆ ಡಬಲ್‌ನಲ್ಲಿ ಹೆಚ್ಚಿನ ಮ್ಯಾಚ್ ಒಂದೊಂದೇ ಗೇಮ್ ಇಡಬೇಕಾಗುತ್ತದೆ. ಸಿಂಗಲ್ ಆದರೆ ಪ್ರತಿ ಮ್ಯಾಚ್ ಬೆಸ್ಟ್ ಆಫ್ ತ್ರೀ ಆಡಿಸಬಹುದು, ಒಟ್ಟು 14ರಿಂದ 21 ಗೇಮ್.

ಈಗ ಒಂದು ತಂಡ ಉಳಿದವರೆಲ್ಲರಿಗಿಂತ ಗಟ್ಟಿ, ಯಾರ ಎದುರಿಗಾದರೂ ಒಂದು ಗೇಮ್ ಗೆಲ್ಲುವ ಸಾಧ್ಯತೆ ಶೇ. 60 ಅನ್ನಿ. ಒಂದೊಂದೇ ಗೇಮ್‌ನ ಸಿಂಗಲ್‌ನಲ್ಲಿ ಆ ತಂಡಕ್ಕೆ ಕಪ್ ಸಿಗುವ ಸಾಧ್ಯತೆ ಸುಮಾರು ಶೇ. 22. ಒಂದೊಂದೇ ಗೇಮ್‌ನ ಡಬಲ್‌ನಲ್ಲಿ, ರೀಸೆಟ್ ಇಟ್ಟರೂ, ಶೇ. 25. ಬೆಸ್ಟ್ ಆಫ್ ತ್ರೀ ಸಿಂಗಲ್‌ನಲ್ಲಿ ಶೇ. 27. ತುಂಬಾ ಜನ ಇದನ್ನು ನಂಬುವುದಿಲ್ಲ, ಕಾಗದ ಪೆನ್ನು ಹಿಡಿದು ನೀವೇ ಮಾಡಿ ನೋಡಿ. ಒಳ್ಳೆಯ ತಂಡಕ್ಕೇ ಕಪ್ ಸಿಗಬೇಕು ಅನ್ನುವುದಾದರೆ ಸರಣಿ ಉದ್ದ ಮಾಡುವುದು ಎರಡನೇ ಜೀವ ಕೊಡುವುದಕ್ಕಿಂತ ಕೆಲಸಕ್ಕೆ ಬರಬಹುದು.

ಆದರೆ ನಿಮ್ಮದು ಗೆಳೆಯರ ಟೂರ್ನಿ. ಬಂದವರು ಒಂದು ಮ್ಯಾಚ್ ಸೋತು ಬೆಳಿಗ್ಗೆಯೇ ವಾಪಸ್ ಹೋಗುವುದು ಯಾರಿಗೂ ಇಷ್ಟ ಆಗಲ್ಲ. ಡಬಲ್‌ನಲ್ಲಿ ಎಲ್ಲರಿಗೂ ಕನಿಷ್ಠ ಎರಡು ಮ್ಯಾಚ್ ಗ್ಯಾರಂಟಿ. ನಾನಾಗಿದ್ದರೆ ಡಬಲ್ ಇಟ್ಟು, ಕೊನೆಯ ಮೂರು ಮ್ಯಾಚ್ ಮಾತ್ರ ಉದ್ದ ಮಾಡುತ್ತಿದ್ದೆ. ಸೀಡಿಂಗ್, ಅಂದರೆ ಬಲ ನೋಡಿ ತಂಡಗಳನ್ನು ಬೇರೆ ಬೇರೆ ಕಡೆ ಹಂಚುವುದು, ಮರೆಯಬೇಡಿ: ಎರಡು ಬಲವಾದ ತಂಡಗಳು ಮೊದಲ ಸುತ್ತಿನಲ್ಲೇ ಎದುರಾದರೆ ಅದರಲ್ಲಿ ಸೋತವರಿಗೆ ಆ 16ರಲ್ಲಿ 1ರ ಕಷ್ಟದ ದಾರಿಯೇ ಗತಿ.

ಪ್ರಶ್ನೆ: ಅಪ್ಪರ್‌ನಲ್ಲಿ ಆಡಿದ ಇಬ್ಬರೇ ಮುಂದೆ ಮತ್ತೆ ಎದುರಾದರೆ ಹಳೆಯ ಸ್ಕೋರ್ ಮುಂದುವರಿಸಬೇಕು ಅನ್ನುತ್ತಾನೆ ನನ್ನ ತಮ್ಮ. ಸರಿಯೇ?

ಉತ್ತರ: ಮೇಜರ್ ಲೀಗ್ ಗೇಮಿಂಗ್‌ನವರು ಸ್ಟಾರ್‌ಕ್ರಾಫ್ಟ್ 2 ಟೂರ್ನಿಗಳಲ್ಲಿ ಹೀಗೆ ಮಾಡಿದ್ದರು. ಹಳೆಯ ಬೆಸ್ಟ್ ಆಫ್ ತ್ರೀ ಸ್ಕೋರ್ ಇಟ್ಟುಕೊಂಡೇ ಬೆಸ್ಟ್ ಆಫ್ ಸೆವೆನ್ ಆಗಿ ಮುಂದುವರಿಯುತ್ತಿತ್ತು. ನನಗೆ ಒಪ್ಪಿಗೆ ಇಲ್ಲ. ಸೋತವರು ಲೋವರ್‌ಗೆ ಬಿದ್ದು ಆ ಸೋಲಿನ ಬೆಲೆಯನ್ನು ಆಗಲೇ ತೆತ್ತಿದ್ದಾರೆ. ಲೋವರ್‌ನಲ್ಲೇ ಮತ್ತೆ ಎದುರಾದರಂತೂ ಇಬ್ಬರಿಗೂ ಉಳಿದಿರುವುದು ಒಂದೊಂದೇ ಜೀವ, ಆಗ ಒಬ್ಬರಿಗೆ 2-0 ಮುನ್ನಡೆ ಯಾವ ಲೆಕ್ಕದಲ್ಲಿ? ಫೈನಲ್‌ನ 1-0 ಬೇರೆ, ಅದು ಬಳಸದೆ ಉಳಿದ ಜೀವಕ್ಕೆ ಕೊಡುವುದು. ಇಲ್ಲಿ ಒಂದೇ ಸೋಲಿಗೆ ಎರಡು ಸಲ ಶಿಕ್ಷೆ. ನಿಮ್ಮ ತಮ್ಮನಿಗೆ ಇದನ್ನು ಹೇಳಿ ನೋಡಿ, ಒಪ್ಪದಿದ್ದರೆ ಅವರೇ ನಮಗೆ ಬರೆಯಲಿ.