ಫುಲ್ಲರೀನ್ ಕಡ್ಡಿಗಳು ಗ್ರಾಫೈಟ್ ಥರ ಆಗಲು 900 ಡಿಗ್ರಿ ಸಾಕಾ, 2000 ಬೇಕಾ?

ನಾನೂ ಪಿಎಚ್‌ಡಿ ಶುರು ಮಾಡಿದಾಗ ಇದನ್ನೇ ಕೇಳುತ್ತಾ ಓಡಾಡಿದ್ದೆ. ಡಿಗ್ರಿ ವಿಷಯ ಆಮೇಲೆ. ಮೊದಲು ಹೇಳಿ, ಕಾಯಿಸುವಾಗ ನಿಮ್ಮ ನಿರ್ವಾತದ ಪಂಪ್ ಓಡುತ್ತಾ ಇರುತ್ತದಾ?

ನನ್ನದು ಓಡುತ್ತಿತ್ತು. ಸಿ60, ಅಂದರೆ 60 ಕಾರ್ಬನ್ ಪರಮಾಣುಗಳ ಚೆಂಡಿನಂಥ ಪಂಜರವಾದ ಫುಲ್ಲರೀನ್, ಕರಗಿಸಿದ ನೇರಳೆ ಟಾಲುವೀನ್ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ನಿಧಾನವಾಗಿ ಬಿಟ್ಟು, ವಾರಗಟ್ಟಲೆ ಕಾದು ಚೆಂದದ ಕಡ್ಡಿ ಬೆಳೆಸಿದ್ದೆ. ಕ್ವಾರ್ಟ್ಸ್ ಟ್ಯೂಬ್ ಫರ್ನೇಸ್‌ನಲ್ಲಿಟ್ಟು, ನಿಮಿಷಕ್ಕೆ 10 ಡಿಗ್ರಿಯಂತೆ 900ಕ್ಕೆ ಏರಿಸಿದೆ. ಬೆಳಿಗ್ಗೆ ತೆಗೆದು ನೋಡಿದರೆ ಕಡ್ಡಿ ಇಟ್ಟಿದ್ದ ಪುಟ್ಟ ತಟ್ಟೆ, ಅಂದರೆ ಬೋಟ್, ಹೆಚ್ಚುಕಮ್ಮಿ ಖಾಲಿ.

ಎಲ್ಲೋ ಗಾಳಿ ಸೋರಿ ಸುಟ್ಟುಹೋಗಿದೆ ಅಂದುಕೊಂಡೆ. ಒಂದು ತಿಂಗಳು ಸೋರಿಕೆ ಹುಡುಕಿದೆ. ಆದರೆ ಟ್ಯೂಬಿನ ತಣ್ಣಗಿನ ತುದಿಯಲ್ಲಿ ಕಂದು ಬಣ್ಣದ ಪೊರೆ ಅಂಟಿತ್ತು. ಅದಕ್ಕೆ ಟಾಲುವೀನ್ ಹಾಕಿದೆ, ನೇರಳೆ ಬಣ್ಣ ಬಂತು! ಅಂದರೆ ಸಿ60 ಸುಟ್ಟಿರಲೇ ಇಲ್ಲ, ಹಾರಿಹೋಗಿತ್ತು. ಒಂದೊಂದು ಪಂಜರದೊಳಗೆ ಕಾರ್ಬನ್ ಬಂಧ ಬಲು ಗಟ್ಟಿ, ಆದರೆ ಪಂಜರ ಪಂಜರದ ನಡುವೆ ಇರುವುದು ಬರೀ ವ್ಯಾನ್ ಡರ್ ವಾಲ್ಸ್ ಅನ್ನುವ ದುರ್ಬಲ ಸೆಳೆತ, ಹಾಗಾಗಿ ನಿರ್ವಾತದಲ್ಲಿ 500ರ ಆಸುಪಾಸಿಗೇ ಅವು ಇಡಿಇಡಿಯಾಗಿ ಎದ್ದು ಹೋಗುತ್ತವೆ. ಪಂಜರ ಒಡೆಯಲು ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಬೇಕು. ಅಷ್ಟು ಬಿಸಿಯಾಗುವ ಹೊತ್ತಿಗೆ ಒಡೆಯಲು ಬೋಟ್‌ನಲ್ಲಿ ಏನೂ ಉಳಿದಿರಲಿಲ್ಲ, ಆವಿಯನ್ನೆಲ್ಲ ನನ್ನ ಪಂಪೇ ತಣ್ಣನೆ ತುದಿಗೆ ಎಳೆದುಕೊಂಡಿತ್ತು. 600 ಡಿಗ್ರಿಗೆ ನಿಲ್ಲಿಸಿ ಬೋಟ್‌ನ ತೂಕ ಒಮ್ಮೆ ನೋಡಿದ್ದರೂ ಆ ತಿಂಗಳು ಉಳಿಯುತ್ತಿತ್ತು.

ಆಮೇಲೆ ಕಡ್ಡಿಗಳನ್ನು ಪುಟ್ಟ ಕ್ವಾರ್ಟ್ಸ್ ಆಂಪೂಲ್‌ನಲ್ಲಿ (ಬಾಯಿ ಕರಗಿಸಿ ಮುಚ್ಚುವ ಕೊಳವೆ) ಹಾಕಿ, ಗಾಳಿ ತೆಗೆದು, ಸೀಲ್ ಮಾಡಿ 900ಕ್ಕೆ ಕಾಯಿಸಿದೆ. ಆವಿಗೆ ಹೋಗಲು ಜಾಗವಿಲ್ಲ, ಅಲ್ವಾ? ಕಡ್ಡಿಯ ಆಕಾರ ಉಳಿಯಿತು. ಆದರೆ ಸೀಲ್ ಮಾಡುವ ಮೊದಲು ನಿರ್ವಾತದಲ್ಲಿ ಚೆನ್ನಾಗಿ ಒಣಗಿಸಿ. ಟಾಲುವೀನ್ ಹರಳಿನೊಳಗೇ ಸಿಕ್ಕಿಕೊಂಡಿರುತ್ತದೆ, ಉಳಿದರೆ ಆಂಪೂಲ್ ಸಿಡಿಯಬಹುದು.

ಇನ್ನು 2000. ಅಲ್ಲಿಗೆ ಹೋದರೆ ಗ್ರಾಫೈಟ್ ಸಿಗುತ್ತದೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಕೆಲವು ಕಾರ್ಬನ್‌ಗಳು 3000 ಡಿಗ್ರಿಗೂ ಗ್ರಾಫೈಟ್ ಆಗುವುದಿಲ್ಲ ಅಂತ ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್ 1951ರಲ್ಲೇ ತೋರಿಸಿದ್ದರು. ಸಿ60 ಪಂಜರದಲ್ಲಿರುವ ಐದು ಮೂಲೆಯ ಕಾರ್ಬನ್ ಉಂಗುರ ಉಳಿದಷ್ಟೂ ಕಾರ್ಬನ್ ಪದರ ಬಾಗಿಯೇ ಇರುತ್ತದೆ, ಗ್ರಾಫೈಟ್‌ನಂತೆ ಚಪ್ಪಟೆಯಾಗುವುದಿಲ್ಲ. 2000ದಲ್ಲಿ ಪದರಗಳು ಇನ್ನಷ್ಟು ಓರಣವಾಗುತ್ತವೆ, ನಿಜ, ಆದರೆ ಅದಕ್ಕೆ ಕ್ವಾರ್ಟ್ಸ್ ತಡೆಯುವುದಿಲ್ಲ, ಗ್ರಾಫೈಟ್ ಫರ್ನೇಸೇ ಬೇಕು. ನಿಮ್ಮದು ವಿದ್ಯುತ್ ಶೇಖರಿಸುವ ಸೂಪರ್ ಕೆಪಾಸಿಟರ್‌ಗಾದರೆ ಬೇಕಿರುವುದು ರಂಧ್ರ, ಸುಮ್ನೆ ಅಷ್ಟು ದೂರ ಹೋಗಬೇಡಿ.

900ರ ಸ್ಯಾಂಪಲ್ ತೆಗೆದ ಕೂಡಲೇ ರಾಮನ್ ಸ್ಪೆಕ್ಟ್ರಮ್ (ಲೇಸರ್ ಬೆಳಕು ಚದುರುವ ರೀತಿಯಿಂದ ಬಂಧಗಳನ್ನು ಗುರುತಿಸುವ ಪರೀಕ್ಷೆ) ತೆಗೆಸಿ. 1350, 1590 cm⁻¹ ಹತ್ತಿರ ಎರಡು ಅಗಲ ಪೀಕ್ ಬರಬೇಕು. 1469ರಲ್ಲಿ ಬರುವ ಸಿ60ಯ ಪೀಕ್ ಇನ್ನೂ ಕಂಡರೆ ಒಳಗೆ ಒಡೆಯದ ಪಂಜರ ಇದೆ, ಅದನ್ನು ಮತ್ತೆ ಸೀಲ್ ಮಾಡಿ ಕಾಯಿಸಿ.