“ಬಿಎ ಓದುಸ್ತಾರಾ ಮೇಡಂ?”: ಗಣಿತ–ಅರ್ಥಶಾಸ್ತ್ರ ಬಯಸಿದ ಹುಡುಗಿಯ ಪ್ರಕರಣ

ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆಗಳು ಸಮೀಪಿಸುವ ಹೊತ್ತಿಗೆ ಮೈಸೂರಿನ ನನ್ನ ಸಲಹಾ ಕೊಠಡಿಗೆ ಒಂದೇ ಬಗೆಯ ಪ್ರಕರಣ ಪ್ರತಿವರ್ಷ ಬರುತ್ತದೆ. ವಿಜ್ಞಾನ ವಿಭಾಗದಲ್ಲಿದ್ದು ಗಣಿತದಲ್ಲಿ 95ರ ಮೇಲೆ ಅಂಕ ತೆಗೆಯುವ ಮಗು, ತನಗೆ ಎಂಜಿನಿಯರಿಂಗ್ ಬೇಡ, ಗಣಿತವನ್ನೂ ಅರ್ಥಶಾಸ್ತ್ರವನ್ನೂ ಕೂಡಿಸಿ ಓದುವ ಪದವಿ ಬೇಕು ಎನ್ನುತ್ತದೆ. ಹೆತ್ತವರ ಕಿವಿಗೆ ಅದರಲ್ಲಿ ಅರ್ಥಶಾಸ್ತ್ರವಷ್ಟೇ ಬೀಳುತ್ತದೆ; ಸೈನ್ಸ್ ಓದಿದ ಮಗು ಆರ್ಟ್ಸಿಗೆ ಹೊರಟಿದೆ ಎಂಬ ಆತಂಕದಲ್ಲಿ, ಬುದ್ಧಿ ಹೇಳಿಸಲೆಂದು ಕರೆತರುತ್ತಾರೆ. ಇವರಲ್ಲಿ ಕೆಲವರಿಗೆ ನಾನು ಮುಂದುವರಿಯಲು ಹೇಳಿದ್ದೇನೆ, ಹೆಚ್ಚಿನವರಿಗೆ ಬೇಡವೆಂದಿದ್ದೇನೆ. ಯಾವ ಆಧಾರದ ಮೇಲೆ ಈ ಭೇದ ಮಾಡುತ್ತೀರಿ ಎಂದು ಪಿಯು ಕಾಲೇಜಿನ ಉಪನ್ಯಾಸಕರೊಬ್ಬರು ಸ್ವಲ್ಪ ಖಾರವಾಗಿಯೇ ಕೇಳಿದ್ದರಿಂದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಹೆಸರು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ; ಹುಡುಗಿಯ ಮತ್ತು ಅವಳ ತಂದೆಯ ಒಪ್ಪಿಗೆ ಇದೆ.

ಅವಳನ್ನು ಕಾವ್ಯ ಎನ್ನೋಣ. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿಯವಳು, ತಂದೆ ಕಬ್ಬು ಬೆಳೆಗಾರರು, ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಪಿಸಿಎಂಬಿ ಓದುತ್ತಿದ್ದಳು. ಮನೆಯಲ್ಲಿ ಓದಿನ ವಿಚಾರವನ್ನೆಲ್ಲ ನಿರ್ಧರಿಸುತ್ತಿದ್ದವರು ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಸೋದರಮಾವ. ಮೊದಲ ಭೇಟಿಯಲ್ಲಿ ಮಾತನಾಡಿದವರೂ ಬಹುಪಾಲು ಅವರೇ. ತಂದೆ ಕೊನೆಗೊಮ್ಮೆ ಬಾಯಿ ತೆರೆದರು: “ಸಿಇಟೀಲಿ ಸೀಟು ಸಿಗೋ ಮಗೀಗೆ ಯಾರಾದ್ರೂ ಬಿಎ ಓದುಸ್ತಾರಾ ಮೇಡಂ?” ಇದನ್ನು ಅಜ್ಞಾನವೆಂದು ತಳ್ಳಿಹಾಕುವವರು ನಮ್ಮ ವೃತ್ತಿಯಲ್ಲಿ ಇದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಎರಡು ಎಕರೆ ಗದ್ದೆಯ ಆದಾಯದಲ್ಲಿ ಮಗಳನ್ನು ಹೊರಗಿಟ್ಟು ಓದಿಸುವ ಮನುಷ್ಯ ಪದವಿಯ ಮುಂದಿನ ದಾರಿಯನ್ನು ಕೇಳದೆ ಇದ್ದರೆ ಅದೇ ಆಶ್ಚರ್ಯ. ಅಲ್ಲದೆ ಈ ಎರಡು ವಿಷಯಗಳನ್ನು ನಮ್ಮ ಊರೇ ಬೇರೆ ಬೇರೆ ಕಟ್ಟಡಗಳಲ್ಲಿ ಇರಿಸಿಕೊಂಡು ಬಂದಿದೆ: ವಿಜ್ಞಾನಕ್ಕೆ ಯುವರಾಜ ಕಾಲೇಜು, ಕಲಾ ವಿಷಯಗಳಿಗೆ ಮಹಾರಾಜ ಕಾಲೇಜು ಎಂಬುದು ಇಲ್ಲಿ ತಲೆಮಾರುಗಳಿಂದ ರೂಢಿಯಾದ ತಿಳಿವಳಿಕೆ. ಎರಡನ್ನೂ ಒಬ್ಬರೇ ಓದುತ್ತಾರೆ ಎಂಬುದು ಮಂಡ್ಯದ ರೈತರಿಗೆ ಸಹಜವಾಗಿ ತೋರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಎರಡನೆಯ ಭೇಟಿಗೆ ಕಾವ್ಯ ಒಬ್ಬಳೇ ಬಂದಳು. ಯಾವುದೋ ಖಾಸಗಿ ವಿಶ್ವವಿದ್ಯಾಲಯದ ಅರ್ಜಿಗೆಂದು ಬರೆದಿದ್ದ ಒಂದು ಪುಟದ ನಿವೇದನೆಯನ್ನು ತಂದಿದ್ದಳು. ಬಾಲ್ಯದಿಂದಲೂ ತನಗೆ ಸಮಾಜದ ಆರ್ಥಿಕ ಸಮಸ್ಯೆಗಳಲ್ಲಿ ಅಪಾರ ಆಸಕ್ತಿಯಿದೆ ಎಂದು ಅದು ಆರಂಭವಾಗುತ್ತಿತ್ತು. ಪಿಸಿಎಂಬಿಯಲ್ಲಿ ಅರ್ಥಶಾಸ್ತ್ರ ಇಲ್ಲವಲ್ಲ, ಆ ಆಸಕ್ತಿಯನ್ನು ಏನು ಮಾಡಿದೆ ಎಂದು ಕೇಳಿದೆ. ಉತ್ತರವಿರಲಿಲ್ಲ. ಇಲ್ಲಿಗೇ ನಿಲ್ಲುವ ಮಕ್ಕಳು ಬಹಳ. ಅವರಿಗೆ ಬೇಕಾಗಿರುವುದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಿಂದ ಬಿಡುಗಡೆ. ಗಣಿತ ಬಿಡಲು ಮನಸ್ಸಿಲ್ಲ, ಅರ್ಥಶಾಸ್ತ್ರ ಸುಲಭವಿರಬಹುದೆಂಬ ಊಹೆ. ಇದೂ ಅಂಥದೇ ಇರಬೇಕು ಎಂದುಕೊಂಡು, ಮನೆಯ ಯಾವುದಾದರೂ ಲೆಕ್ಕವನ್ನು ನೀನು ನೋಡುತ್ತೀಯಾ ಎಂದು ಕೇಳಿದೆ. ಹೈಸ್ಕೂಲಿನಿಂದಲೂ ಅಪ್ಪನ ಕಬ್ಬಿನ ಬಿಲ್ಲನ್ನು ತಾನೇ ತಾಳೆ ನೋಡುವುದು ಎಂದು ಹೇಳಿ, ಫೋನಿನಲ್ಲಿದ್ದ ಬಿಲ್ಲಿನ ಚಿತ್ರವನ್ನು ತೋರಿಸಿದಳು. ತೂಕ, ದರ, ಕಟಾವು ಮತ್ತು ಸಾಗಣೆಯ ಕಡಿತ. ದರ ಹೇಗೆ ಬಂತು ಎಂದೆ.

ಅವಳು ನಿವೇದನೆಯ ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದಳು. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲಿಗೆ 355 ರೂಪಾಯಿ. ಅದು ಶೇ 10.25ರ ಸಕ್ಕರೆ ಇಳುವರಿಗೆ, ಅಂದರೆ 100 ಕೆ.ಜಿ. ಕಬ್ಬಿನಿಂದ 10.25 ಕೆ.ಜಿ. ಸಕ್ಕರೆ ಬಂದರೆ; ರಿಕವರಿ ಎನ್ನುವುದೂ ಇದನ್ನೇ. ಇಳುವರಿ ಶೇ 0.1ರಷ್ಟು ಏರಿದರೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಆದರೆ ಶೇ 9.5ಕ್ಕಿಂತ ಕೆಳಗೆ ಎಷ್ಟು ಇಳಿದರೂ ದರ 329.05 ರೂಪಾಯಿಯಲ್ಲಿ ನಿಲ್ಲುತ್ತದೆ. ಇದನ್ನು ಅವಳು ಮಾತಿನಲ್ಲಿ ಹೇಳಲಿಲ್ಲ, ನಕ್ಷೆಯಾಗಿ ಬಿಡಿಸಿದಳು: 9.5ರವರೆಗೆ ಮಟ್ಟಸವಾದ ಗೆರೆ, ಅಲ್ಲಿಂದ ಮೇಲಕ್ಕೆ ಓರೆ ಗೆರೆ. ಎರಡೂ ಕೂಡುವ, ಗೆರೆಯ ಓರೆ ಥಟ್ಟನೆ ಬದಲಾಗುವ ಮೂಲೆಯ ಮೇಲೆ ಪೆನ್ನಿಟ್ಟು, “ಇಲ್ಲಿ ಡಿಫರೆನ್ಷಿಯಬಲ್ ಅಲ್ಲ ಮೇಡಂ. ಫ್ಯಾಕ್ಟರಿ ಈ ಪಾಯಿಂಟಿನ ಎಡಗಡೆ ಇದ್ದರೆ ರಿಕವರಿ ಸ್ವಲ್ಪ ಜಾಸ್ತಿಯಾದರೂ ರೈತರಿಗೆ ಒಂದು ಪೈಸೆ ಬರಲ್ಲ” ಎಂದಳು. ಯಾರ ಇಳುವರಿ ಎಂದು ಕೇಳಿದೆ. ಕಾರ್ಖಾನೆಯ ಸರಾಸರಿ, ಎಲ್ಲರ ಕಬ್ಬೂ ಸೇರಿ ಬರುವುದು ಎಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಅನಂತರ ನನ್ನನ್ನು ಕೇಳಿದಳೋ ತನ್ನನ್ನೇ ಕೇಳಿಕೊಂಡಳೋ ತಿಳಿಯದ ಹಾಗೆ ಅಂದಳು: “ಹಾಗಾದರೆ ನಮ್ಮಪ್ಪ ಒಳ್ಳೆ ಕಬ್ಬು ಯಾಕೆ ಬೆಳೀಬೇಕು?”

ಅಪ್ಪ 100 ಟನ್ ಕಬ್ಬು ಕೊಡುತ್ತಾರೆ, ಕಾರ್ಖಾನೆ ಒಟ್ಟು 3 ಲಕ್ಷ ಟನ್ ನುರಿಸುತ್ತದೆ ಎಂದು ಇಟ್ಟುಕೊಂಡಳು. ಒಳ್ಳೆಯ ತಳಿ ಹಾಕಿ, ಸಕಾಲಕ್ಕೆ ಕಡಿಸಿ, ಅಪ್ಪ ತಮ್ಮ ಕಬ್ಬಿನ ಇಳುವರಿಯನ್ನು ಶೇ 0.5ರಷ್ಟು ಏರಿಸಿದರು ಎನ್ನೋಣ. ಅವರವರ ಕಬ್ಬಿಗೆ ತಕ್ಕ ದರವಾದರೆ ಕ್ವಿಂಟಲಿಗೆ 17.30 ರೂಪಾಯಿ ಹೆಚ್ಚು, ಒಟ್ಟು 17,300 ರೂಪಾಯಿ. ಅದೇ ಏರಿಕೆ ಮೂರು ಲಕ್ಷ ಟನ್ನಿನ ಸರಾಸರಿಯಲ್ಲಿ ಕರಗಿ ಬಂದರೆ, ಪೂರ್ತಿ ಲೆಕ್ಕ ಹಿಡಿದರೂ, ಅಪ್ಪನಿಗೆ ಸಿಗುವುದು 6 ರೂಪಾಯಿಗೂ ಕಡಿಮೆ. ಉಳಿದದ್ದು ಬೇರೆಯವರ ಬಿಲ್ಲುಗಳಲ್ಲಿ ಚೂರುಚೂರಾಗಿ ಹಂಚಿಹೋಗುತ್ತದೆ. ಹೀಗೆ ಪ್ರತಿಯೊಬ್ಬರೂ ಯೋಚಿಸಿದರೆ ಸರಾಸರಿಯೇ ಕುಸಿದು ಎಲ್ಲರಿಗೂ ನಷ್ಟವಾಗುತ್ತದೆ ಎಂಬುದನ್ನು ಅವಳೇ ಬರೆದಳು. ಹಾಗಾದರೆ ಪ್ರತಿಯೊಬ್ಬರ ಕಬ್ಬನ್ನೂ ಬೇರೆಯಾಗಿ ಪರೀಕ್ಷಿಸಿ ದರ ಕೊಡಲಿ ಎಂದು ನಾನು ಸುಮ್ಮನೆ ಕೆಣಕಿದೆ. ತೂಕವನ್ನೇ ನಂಬದ ನಮ್ಮೂರಿನವರು ರಿಕವರಿ ಅಳೆಯುವವನನ್ನು ನಂಬುತ್ತಾರಾ ಮೇಡಂ, ಅಳೆಯುವ ಖರ್ಚು ಯಾರು ಕೊಡುತ್ತಾರೆ ಎಂದು ತಿರುಗಿ ಕೇಳಿದಳು.

ನಾನು ಅರ್ಥಶಾಸ್ತ್ರ ಓದಿದವಳಲ್ಲ. ಅವಳ ಒಪ್ಪಿಗೆ ಪಡೆದು ಆ ಹಾಳೆಯನ್ನು ನಿವೃತ್ತ ಪ್ರಾಧ್ಯಾಪಕರೊಬ್ಬರಿಗೆ ತೋರಿಸಿದೆ. ಗುಂಪಿನ ದುಡಿಮೆಯ ಫಲ ಹಂಚಿಕೆಯಾಗುವಾಗ ಒಬ್ಬೊಬ್ಬರ ಶ್ರಮಕ್ಕೆ ಪ್ರೇರಣೆ ಎಲ್ಲಿಂದ ಬರುತ್ತದೆ ಎಂಬುದು ಒಪ್ಪಂದ ಸಿದ್ಧಾಂತದ ಮೂಲಪ್ರಶ್ನೆಗಳಲ್ಲಿ ಒಂದೆಂದೂ, ಆ ಸಿದ್ಧಾಂತಕ್ಕಾಗಿ 2016ರಲ್ಲಿ ನೊಬೆಲ್ ಹಂಚಿಕೊಂಡ ಬೆಂಗ್ಟ್ ಹೋಮ್‌ಸ್ಟ್ರಾಮ್ ಮೊದಲು ಓದಿದ್ದು ಗಣಿತವೆಂದೂ ಅವರು ಹೇಳಿದರು. ನನಗೆ ಮುಖ್ಯವಾದದ್ದು ಅದಲ್ಲ. ಯಾರೂ ಹೇಳಿಕೊಡದೆ, ಅಂಕಕ್ಕಲ್ಲದೆ, ಮನೆಯ ಬಿಲ್ಲೊಂದನ್ನು ಹಿಡಿದು ಈ ಹುಡುಗಿ ಎರಡು ವಿಷಯಗಳನ್ನೂ ಒಂದೇ ಹಾಳೆಯಲ್ಲಿ ಕೂಡಿಸಿದ್ದಳು. ಆ ಹಾಳೆಯ ಮುಂಬದಿಯಲ್ಲಿ ಇದರ ಸುಳಿವೇ ಇರಲಿಲ್ಲ. ನಿವೇದನೆಯನ್ನು ಎಸೆದು ಹಿಂಬದಿಯದನ್ನೇ ಬರೆ ಎಂದೆ.

ಇದು ಬರೀ ಅರ್ಜಿ ತುಂಬುವ ಉಪಾಯವಲ್ಲ. ಗಣಿತ ಮತ್ತು ಅರ್ಥಶಾಸ್ತ್ರ ಎಂಬ ಹೆಸರಿನ ಪದವಿಯೇ ಇರುವ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಮಕ್ಕಳನ್ನು ಕಳಿಸಬಯಸುವ ಅನುಕೂಲಸ್ಥರೂ ನನ್ನಲ್ಲಿಗೆ ಬರುತ್ತಾರೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಸಲ್ಲಿಸುವ ಯುಸಿಎಎಸ್ ಅರ್ಜಿಯಲ್ಲಿ 2026ರ ಪ್ರವೇಶದಿಂದ ಒಂದೇ ಉದ್ದದ ನಿವೇದನೆ ಹೋಗಿ ಮೂರು ಪ್ರಶ್ನೆಗಳು ಬಂದಿವೆ: ಈ ವಿಷಯವೇ ಏಕೆ, ಈವರೆಗಿನ ಓದು ಹೇಗೆ ಸಿದ್ಧಗೊಳಿಸಿದೆ, ಓದಿನಾಚೆ ಏನು ಮಾಡಿದ್ದೀರಿ. ಮೂರಕ್ಕೂ ಸೇರಿ 4,000 ಅಕ್ಷರಗಳ ಮಿತಿ. ಅಲ್ಲಿಯೂ ಆಸಕ್ತಿಯೆಂಬ ಹೇಳಿಕೆಗೆ ಬೆಲೆಯಿಲ್ಲ; ಆಸಕ್ತಿಯಿಂದ ಮಾಡಿದ್ದೇನೆಂಬುದಕ್ಕೆ ಇದೆ.

ಆದರೆ ಒಳ್ಳೆಯ ಪ್ರಶ್ನೆ ಕೇಳುವುದೊಂದೇ ಸಾಲದು, ಮತ್ತು ನನ್ನ ಸಲಹೆಯ ಕಹಿ ಭಾಗ ಇಲ್ಲಿಂದ ಶುರು. ಪಿಯುಸಿಯಲ್ಲಿ 98 ತೆಗೆದ ಮಗು ಗಣಿತದಲ್ಲಿ ಗಟ್ಟಿ ಎಂದು ನಾನು ಒಪ್ಪುವುದಿಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಬಿಡಿಸಿ ಕೈ ಪಳಗಿದೆ ಎಂದಷ್ಟೇ ಅದರ ಅರ್ಥ. ಪದವಿಯ ಮೊದಲ ವರ್ಷದಲ್ಲಿ ಎದುರಾಗುವ ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ ಇವೆಲ್ಲ ‘ಸಾಧಿಸಿ’ ಎಂಬ ಒಂದೇ ಆಜ್ಞೆಯ ಮೇಲೆ ನಡೆಯುತ್ತವೆ. ಆದ್ದರಿಂದ ಅವಳಿಗೆ ಒಂದು ಪರೀಕ್ಷೆ ಇಟ್ಟೆ. ಎರಡರ ವರ್ಗಮೂಲ ಅಭಾಗಲಬ್ಧವೆಂದು ಎಸ್‌ಎಸ್‌ಎಲ್‌ಸಿಯಲ್ಲಿ ಸಾಧಿಸಿದ್ದೀಯಲ್ಲ, ಅಲ್ಲಿ ಎರಡಿದ್ದಲ್ಲಿ ನಾಲ್ಕನ್ನು ಹಾಕು. ನಾಲ್ಕರ ವರ್ಗಮೂಲವೂ ಅಭಾಗಲಬ್ಧವೆಂದು ಬರಬೇಕಲ್ಲ, ಬರುವುದಿಲ್ಲ, ಯಾವ ಸಾಲಿನಲ್ಲಿ ಮುರಿಯುತ್ತದೆ ಹೇಳು ಎಂದೆ. ಸಾಧನೆಯನ್ನು ಬಾಯಿಪಾಠ ಮಾಡಿದವರಿಗೆ ಇದು ತೋಚುವುದೇ ಇಲ್ಲ. ಅವಳಿಗೂ ಅಂದು ತೋಚಲಿಲ್ಲ. ಮುಂದಿನ ಭೇಟಿಗೆ ಬರುವಾಗ ಬರೆದು ತಂದಿದ್ದಳು: ಒಂದು ಸಂಖ್ಯೆಯ ವರ್ಗವನ್ನು 2 ಭಾಗಿಸಿದರೆ ಆ ಸಂಖ್ಯೆಯನ್ನೂ ಭಾಗಿಸುತ್ತದೆ, 4ರ ವಿಷಯದಲ್ಲಿ ಹಾಗಿಲ್ಲ, 2ರ ವರ್ಗವೇ ಅದಕ್ಕೆ ಉದಾಹರಣೆ. ಇಷ್ಟು ದಿನ ಆ ಸಾಲನ್ನು ಯಾಕೆ ಬರೆಯುತ್ತಿದ್ದೇನೆಂದೇ ಗೊತ್ತಿರಲಿಲ್ಲ ಎಂದಳು.

ಆಗ ಕೊಟ್ಟ ಸಲಹೆ ಇದು. ದಿನಕ್ಕೊಂದು ಸಾಧಿಸುವ ಲೆಕ್ಕ, ಉತ್ತರ ನೋಡದೆ, ಪೂರ್ತಿ ವಾಕ್ಯಗಳಲ್ಲಿ ಬರೆದು ಮಾಡಬೇಕು. ಪಿಯುಸಿಯ ಅರ್ಥಶಾಸ್ತ್ರ ಪುಸ್ತಕವನ್ನು ಸ್ನೇಹಿತರಿಂದ ಪಡೆದು ಸೂಕ್ಷ್ಮ ಅರ್ಥಶಾಸ್ತ್ರದ ಭಾಗವನ್ನು ಓದಬೇಕು. ತನ್ನದೇ ಗಣಿತ ಪುಸ್ತಕದಲ್ಲಿ ಖಚಿತ ಅಂಕಗಳ ಅಧ್ಯಾಯವೆಂದು ಎಲ್ಲರೂ ಯಾಂತ್ರಿಕವಾಗಿ ಮಾಡುವ ಲೀನಿಯರ್ ಪ್ರೋಗ್ರಾಮಿಂಗ್ (ಮಿತಿಗಳೊಳಗೆ ಗರಿಷ್ಠ, ಕನಿಷ್ಠ ಬೆಲೆ ಹುಡುಕುವ ಲೆಕ್ಕ) ಅನ್ನು, ಮೂಲೆಬಿಂದುವಿನಲ್ಲೇ ಉತ್ತರ ಏಕೆ ಸಿಗುತ್ತದೆ ಎಂಬ ಪ್ರಶ್ನೆಯೊಡನೆ ಮತ್ತೆ ಓದಬೇಕು. ಎರಡು ತಿಂಗಳ ನಂತರವೂ ಈ ಬರವಣಿಗೆ ಬೇಸರವೇ ಆಗಿದ್ದರೆ, ಬರೀ ಅರ್ಥಶಾಸ್ತ್ರ ಓದಲಿ ಅಥವಾ ಎಂಜಿನಿಯರಿಂಗ್‌ಗೆ ಹೋಗಲಿ. ಹೀಗೆ ಹೇಳುವುದು ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚಿದಂತೆ ಎಂಬುದು ಆ ಉಪನ್ಯಾಸಕರ ಆಕ್ಷೇಪ. ಪದವಿಯ ಮೊದಲ ವರ್ಷದ ನಡುವೆ ಹಾಸ್ಟೆಲ್ ಬಿಟ್ಟು ಬಂದ ಮಕ್ಕಳ ಜೊತೆಗೂ ನಾನು ಕೂತು ಮಾತನಾಡುತ್ತೇನೆ. ತಣ್ಣೀರು ಡಿಸೆಂಬರಿನಲ್ಲಿಯೇ ಬೀಳುವುದು ಲೇಸು ಎಂಬ ನನ್ನ ಅಭಿಪ್ರಾಯವನ್ನು ನಾನು ಬದಲಿಸುವುದಿಲ್ಲ.

ಅರ್ಜಿಗಳ ವಿಷಯ ಬೇಗ ಮುಗಿಯಿತು. ಬೆಂಗಳೂರಿನಲ್ಲಿ, ಮೈಸೂರು ರಸ್ತೆಯ ಮೇಲೆಯೇ ಇರುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ (ಐಎಸ್‌ಐ) ಬಿ.ಮ್ಯಾಥ್ ಎಂಬ ಗಣಿತ ಪದವಿ ಒಂದು, ಅದರ ಪ್ರವೇಶ ಪರೀಕ್ಷೆಯಲ್ಲಿ ಬಹು ಆಯ್ಕೆಯ ಪತ್ರಿಕೆಯ ಜೊತೆಗೆ ಬರೆದು ಸಾಧಿಸುವ ಪತ್ರಿಕೆಯೂ ಇದೆ, ಸೇರಿದವರಿಗೆ ಶಿಷ್ಯವೇತನವಿದೆ, ಮುಂದೆ ಅದೇ ಸಂಸ್ಥೆಯಲ್ಲಿ ಕ್ವಾಂಟಿಟೇಟಿವ್ ಎಕನಾಮಿಕ್ಸ್‌ನ ಎಂ.ಎಸ್. ಇದೆ. ಇನ್ನೊಂದು ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್. ಅದಕ್ಕೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಯಲ್ಲಿ ಗಣಿತ ಪತ್ರಿಕೆ ಕಡ್ಡಾಯ. ನಮ್ಮ ಪಿಯುಸಿ ಗಣಿತವೂ ಎನ್‌ಸಿಇಆರ್‌ಟಿ ಪಠ್ಯವೇ ಆದ್ದರಿಂದ ಅಲ್ಲಿ ಬೇಕಾದದ್ದು ವೇಗ ಮಾತ್ರ. ಮೂರನೆಯದು ಬೆಂಗಳೂರಿನ ಕಾಲೇಜುಗಳಲ್ಲಿ ಇಎಂಎಸ್ ಎಂದು ಕರೆಯುವ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರದ ಬಿ.ಎಸ್‌ಸಿ. ಮೀಸಲಾತಿಯಡಿ ಅರ್ಜಿ ಹಾಕುವವರಿಗೆ ಒಂದು ಮಾತು: ಕೇಂದ್ರದ ಸಂಸ್ಥೆಗಳು ಕೇಳುವ ಪ್ರಮಾಣಪತ್ರದ ನಮೂನೆ ಬೇರೆ, ರಾಜ್ಯದ್ದು ಬೇರೆ. ನಾಡಕಚೇರಿಗೆ ಮುಂಚೆಯೇ ಹೋಗಿ. ಪ್ರಥಮ ಪಿಯುಸಿಗೆ ಕಾಮರ್ಸ್ ಸೇರಿಸುವವರಿಗೆ ಇನ್ನೊಂದು: ಬೇಸಿಕ್ ಮ್ಯಾಥ್ಸ್ ಎಂಬ ವಿಷಯ ಪೂರ್ಣ ಗಣಿತವಲ್ಲ, ಇಂಥ ಪದವಿಯ ಯೋಚನೆ ಇದ್ದರೆ ಅದನ್ನು ಎಲ್ಲೆಲ್ಲಿ ಒಪ್ಪುತ್ತಾರೆ ಎಂದು ಸೇರುವ ಮೊದಲೇ ವಿಚಾರಿಸಿ.

ಮೂರನೆಯ ಭೇಟಿಗೆ ತಂದೆಯೂ ಮಾವನೂ ಬಂದರು. ತಂದೆಯ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಸಿಹಿ ಮಾತು ಹೇಳಲಿಲ್ಲ. ಎಂಜಿನಿಯರಿಂಗ್ ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಇದು ಸ್ನಾತಕೋತ್ತರ ಪದವಿಯೂ ಸೇರಿ ಐದು ವರ್ಷದ ದಾರಿಯೆಂದೇ ತಿಳಿಯಿರಿ ಎಂದೆ. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕು; ಬ್ಯಾಂಕು, ವಿಮೆ, ದತ್ತಾಂಶ ವಿಶ್ಲೇಷಣೆಯ ಕೆಲಸಗಳಲ್ಲಿ ಗಣಿತ ಗಟ್ಟಿಯಿರುವ ಅರ್ಥಶಾಸ್ತ್ರದವರಿಗೆ ಜಾಗವಿದೆ, ಗಣಿತವಿಲ್ಲದವರಿಗೆ ಕಷ್ಟ. ಮಾವ ಸಿಇಟಿಯ ಮಾತೆತ್ತಿದರು. ಸಿಇಟಿ ಬರೆಯಲಿ ಎಂದೆ. ಅದನ್ನು ಬಿಡಿಸುವುದು ಆದರ್ಶವಲ್ಲ, ದುಡುಕು. ಕಾವ್ಯಳಿಗೆ ಇದು ಹಿಡಿಸಲಿಲ್ಲ, ಮುಖ ಬಿಗಿದುಕೊಂಡಳು. ಒಂದು ಪರೀಕ್ಷೆಯ ಓದಿನ ಹೊರೆಯಿಂದ ಅಪ್ಪನ ರಾತ್ರಿಯ ನಿದ್ದೆ ಉಳಿಯುವುದಾದರೆ ಆ ಹೊರೆ ಹೆಚ್ಚಲ್ಲ ಎಂದು ಅವಳಿಗೆ ಬೇರೆಯಾಗಿ ಹೇಳಿದೆ.

ಕಬ್ಬಿನ ಹಾಳೆಯನ್ನು ತಂದೆಗೆ ತೋರಿಸಲು ಅವಳಿಗೆ ಸಂಕೋಚವಿತ್ತು, ಅಪ್ಪ ಒಳ್ಳೆಯ ಕಬ್ಬು ಬೆಳೆಯುವುದು ದಂಡ ಎಂದಂತಾಗುತ್ತದಲ್ಲ ಎಂದು. ತೋರಿಸಿದಳು. ಅವರು 17,300ರ ಮೇಲೂ 6ರ ಮೇಲೂ ಬೆರಳಿಟ್ಟು ಎರಡು ಸಲ ಕೇಳಿ ತಿಳಿದುಕೊಂಡರು. “ಇದು ನಮ್ಗೆ ಗೊತ್ತಿರೋದೇ ಕಣವ್ವ, ಹಿಂಗೆ ಲೆಕ್ಕ ಹಾಕಿರ್ನಿಲ್ಲ ಅಷ್ಟೇಯ” ಎಂದರು. ಮಾವ ಮಾತ್ರ, ಐಎಸ್‌ಐ ಅಥವಾ ದೆಹಲಿ ಸಿಕ್ಕಿದರೆ ತಮ್ಮ ತಕರಾರಿಲ್ಲ, ಎರಡೂ ತಪ್ಪಿದರೆ ಎಂಜಿನಿಯರಿಂಗ್ ಎಂದರು. ಎರಡೂ ತಪ್ಪಿದರೆ ಇಎಂಎಸ್ ಎಂಬುದು ಕಾವ್ಯಳ ಹಟ. ಅದನ್ನು ನನ್ನ ಮೇಜಿನ ಮುಂದೆ ತೀರ್ಮಾನಿಸುವುದು ಬೇಡ, ಮೂರೂ ಫಲಿತಾಂಶ ಕೈಗೆ ಬಂದ ಮೇಲೆ ಸಿಇಟಿ ಸೀಟಿನ ಆಯ್ಕೆ ತುಂಬುವ ಹೊತ್ತಿಗೆ ಮತ್ತೆ ಬನ್ನಿ ಎಂದೆ. ಅದಕ್ಕೆ ಮೂವರೂ ಒಪ್ಪಿದರು.